ಕಪ್ಪು-ಬಿಳುಪಿನಲ್ಲಿ ಉಳಿದ ಬಣ್ಣ: ವರ್ಣಛಾಯಾಗ್ರಹಣದ ಕಥೆ

ನೀವು ದಿನವೂ ನೋಡುವ ದೂರದರ್ಶನದ ಪರದೆಗೆ ಒಮ್ಮೆ ಭೂತಗನ್ನಡಿ ಹಿಡಿದು ನೋಡಿ. ಪರದೆಯ ಮೇಲೆ ಸೂರ್ಯಕಾಂತಿ ಹೂವೊಂದು ಅರಳಿ ನಿಂತಿದೆ ಎಂದುಕೊಳ್ಳೋಣ. ದೂರದಿಂದ ಕಣ್ಣು ತುಂಬುವ ಆ ಹಳದಿ, ಗಾಜಿನ ಕೆಳಗೆ ಎಲ್ಲಿಯೂ ಕಾಣುವುದಿಲ್ಲ. ಅಲ್ಲಿರುವುದು ಒತ್ತೊತ್ತಾಗಿ ಕುಳಿತ ಕೆಂಪು ಮತ್ತು ಹಸಿರು ಚುಕ್ಕೆಗಳು. ಅವುಗಳ ಪಕ್ಕದಲ್ಲಿ ಬಹುಮಟ್ಟಿಗೆ ಆರಿಹೋದಂತಿರುವ ನೀಲಿ ಚುಕ್ಕೆಗಳು. ಬಿಳಿಯ ಮೋಡವನ್ನು ನೋಡಿದರೆ ಮೂರೂ ಬಗೆಯ ಚುಕ್ಕೆಗಳು ಒಟ್ಟಿಗೆ ಬೆಳಗುತ್ತಿರುತ್ತವೆ. ಹಳದಿಯನ್ನೂ ಬಿಳಿಯನ್ನೂ ಮಾಡಿಕೊಳ್ಳುವುದು ನಮ್ಮ ಕಣ್ಣು ಮತ್ತು ಮಿದುಳು.

ಈ ಮೂರು ಚುಕ್ಕೆಗಳ ಹಿಂದೆ ನೂರಾ ಅರವತ್ತು ವರ್ಷಗಳಿಗೂ ಮೀರಿದ ಒಂದು ಕಥೆಯಿದೆ. ಬಣ್ಣವನ್ನು ಹಿಡಿಯಲು ಹೊರಟ ಮನುಷ್ಯ ಅದನ್ನು ನೇರವಾಗಿ ಹಿಡಿಯಲಾರದೆ, ಕಪ್ಪು-ಬಿಳುಪಿನ ಮೂರು ಚಿತ್ರಗಳಾಗಿ ಬಿಡಿಸಿ ಹಿಡಿದ ಕಥೆ ಅದು. ಹಾಗೆ ಬಿಡಿಸಿ ಇಟ್ಟ ಬಣ್ಣಗಳು ಇಂದಿಗೂ ತಾಜಾ ಆಗಿ ಉಳಿದಿವೆ. ನಮ್ಮ ನಿಮ್ಮ ಮನೆಯ ಆಲ್ಬಮ್ಮುಗಳಲ್ಲಿ ಕಾಗದದ ಮೇಲೆ ಮೂಡಿದ ಬಣ್ಣಗಳು ಮಾತ್ರ ಕಣ್ಣೆದುರೇ ಕರಗುತ್ತಿವೆ. ಈ ವಿಚಿತ್ರ ಹೇಗಾಯಿತು ಎಂಬುದನ್ನು ಇಲ್ಲಿ ನೋಡೋಣ.

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ವಿಧಾನ ಬಹಿರಂಗವಾದಾಗ ಜನ ಬೆರಗಾದರು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಬೀದಿಯೊಂದು ತನ್ನಷ್ಟಕ್ಕೆ ತಾನೇ ಬರೆದುಕೊಂಡಿತ್ತು. ಆದರೆ ಬೆರಗಿನ ಬೆನ್ನಿಗೇ ಒಂದು ಕೊರಗೂ ಬಂತು: ಎಲ್ಲವೂ ಇದೆ, ಬಣ್ಣವೊಂದಿಲ್ಲ. ಈ ಕೊರತೆ ತುಂಬಲು ಸಣ್ಣ ಕುಂಚ ಹಿಡಿದ ಚಿತ್ರಗಾರರು ಮುಂದೆ ಬಂದರು. ಕೆನ್ನೆಗೆ ಗುಲಾಬಿ, ಸರಪಣಿಗೆ ಹೊಂಬಣ್ಣ. ಜಪಾನಿನ ಯೊಕೊಹಾಮಾದಲ್ಲಿ ಇದೊಂದು ದೊಡ್ಡ ಕಸುಬೇ ಆಯಿತು. ನಮ್ಮ ದೇಶದ ಸಂಸ್ಥಾನಗಳಲ್ಲಂತೂ ಚಿತ್ರಗಾರರು ಛಾಯಾಚಿತ್ರದ ಮೇಲೆ ಎಷ್ಟು ದಟ್ಟವಾಗಿ ಬಣ್ಣ ಬಳಿದರೆಂದರೆ, ಕೆಳಗೆ ಛಾಯಾಚಿತ್ರವಿದೆ ಎಂಬುದೇ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಹೀಗೆ ಕೈಯಿಂದ ಬಣ್ಣ ತುಂಬುವ ಪದ್ಧತಿ ನಮ್ಮ ಊರುಗಳ ಸ್ಟುಡಿಯೋಗಳಲ್ಲಿಯೂ ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ನಡೆದುಬಂತು. ಅಜ್ಜ-ಅಜ್ಜಿಯರ ಮದುವೆಯ ಚಿತ್ರದಲ್ಲಿ ಸೀರೆಯ ಅಂಚು ಮಾತ್ರ ಹಸಿರಾಗಿರುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು.

ಬಣ್ಣ ತಾನಾಗಿಯೇ ಮೂಡುವ ಹಾಗೆ ಮಾಡಲು ಯಾರೂ ಪ್ರಯತ್ನಿಸಲಿಲ್ಲವೇ? ಪ್ರಯತ್ನಿಸಿದರು. 1848ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕರೆಲ್, ಬೆಳಕಿನ ಏಳು ಬಣ್ಣಗಳ ಪಟ್ಟಿಯನ್ನು ಬೆಳ್ಳಿಯ ತಗಡಿನ ಮೇಲೆ ಅದದೇ ಬಣ್ಣಗಳಲ್ಲಿ ಮೂಡಿಸಿದ. ಆದರೆ ಅದನ್ನು ಸ್ಥಿರಗೊಳಿಸುವ ಉಪಾಯ ಸಿಗಲಿಲ್ಲ. ಬೆಳಕಿಗೆ ತಂದರೆ ಚಿತ್ರ ಅಳಿಸಿಹೋಗುತ್ತಿತ್ತು. ಕತ್ತಲಲ್ಲಿ ಮಾತ್ರ ಬದುಕುವ ಚಿತ್ರವನ್ನು ಯಾರಿಗೆ ತೋರಿಸುವುದು?

ದಾರಿ ಬೇರೊಂದು ಕಡೆಯಿಂದ ತೆರೆಯಿತು. ರಾಸಾಯನಿಕ ಶಾಸ್ತ್ರದಿಂದಲ್ಲ, ಕಣ್ಣಿನ ಅಧ್ಯಯನದಿಂದ. ನಮ್ಮ ಕಣ್ಣು ನೂರಾರು ಬಣ್ಣಗಳಿಗೆ ನೂರಾರು ಇಂದ್ರಿಯಗಳನ್ನು ಇಟ್ಟುಕೊಂಡಿಲ್ಲ, ಮೂರೇ ಬಗೆಯ ಗ್ರಾಹಕಗಳಿಂದ ಎಲ್ಲ ಬಣ್ಣಗಳನ್ನೂ ಲೆಕ್ಕ ಹಾಕುತ್ತದೆ ಎಂದು ಥಾಮಸ್ ಯಂಗ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಊಹಿಸಿದ್ದ. ಸ್ಕಾಟ್ಲೆಂಡಿನ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ (ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ವಿದ್ಯುತ್ಕಾಂತೀಯ ಸಮೀಕರಣಗಳಿಗಾಗಿ ನಿಮ್ಮನ್ನು ಕಾಡುವವನು ಇವನೇ) ಆ ಊಹೆಯನ್ನು ಮುಂದಕ್ಕೊಯ್ದ. ಕಣ್ಣಿಗೆ ಮೂರು ಸಾಕಾದರೆ ಕ್ಯಾಮೆರಾಕ್ಕೂ ಮೂರು ಸಾಕಲ್ಲವೇ?

1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವನು ಇದನ್ನು ತೋರಿಸಿದ. ಥಾಮಸ್ ಸಟನ್ ಎಂಬ ಛಾಯಾಗ್ರಾಹಕ ಅವನಿಗಾಗಿ ಚೌಕುಳಿ ವಿನ್ಯಾಸದ ಬಣ್ಣದ ರಿಬ್ಬನ್ನೊಂದರ ಚಿತ್ರ ತೆಗೆದಿದ್ದ. ಒಮ್ಮೆ ಕೆಂಪು ದ್ರಾವಣದ ಮೂಲಕ, ಒಮ್ಮೆ ಹಸಿರು, ಒಮ್ಮೆ ನೀಲಿ. ಬಂದದ್ದು ಮೂರು ಕಪ್ಪು-ಬಿಳುಪು ಚಿತ್ರಗಳು. ನೋಡಲು ಹೆಚ್ಚು ಕಡಿಮೆ ಒಂದೇ, ಆದರೆ ಒಂದರಲ್ಲಿ ಬೆಳ್ಳಗಿರುವ ಪಟ್ಟೆ ಇನ್ನೊಂದರಲ್ಲಿ ಕಪ್ಪಗಿದೆ. ಈ ಮೂರನ್ನೂ ಗಾಜಿನ ಸ್ಲೈಡುಗಳಾಗಿ ಮಾಡಿ, ಮೂರು ಲಾಟೀನುಗಳಿಂದ, ಅದದೇ ಬಣ್ಣದ ದ್ರಾವಣಗಳ ಮೂಲಕ ಒಂದೇ ಪರದೆಯ ಮೇಲೆ ಒಂದರ ಮೇಲೊಂದು ಬೀಳುವಂತೆ ಹಾಯಿಸಿದಾಗ ರಿಬ್ಬನ್ನು ತನ್ನ ಬಣ್ಣಗಳೊಡನೆ ಕಾಣಿಸಿಕೊಂಡಿತು. ಲಾಟೀನುಗಳನ್ನು ಆರಿಸಿದರೆ ಮತ್ತೆ ಮೂರು ಬೂದುಬಣ್ಣದ ಗಾಜುಗಳು, ಅಷ್ಟೇ. ಬಣ್ಣ ಗಾಜಿನಲ್ಲಿರಲಿಲ್ಲ. ಬಣ್ಣದ ಲೆಕ್ಕ ಗಾಜಿನಲ್ಲಿತ್ತು.

ಈ ಪ್ರಯೋಗಕ್ಕೆ ಒಂದು ಸ್ವಾರಸ್ಯಕರ ಬಾಲವಿದೆ. ಆ ಕಾಲದ ಛಾಯಾಗ್ರಹಣದ ಫಲಕಗಳು ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು. ಕೆಂಪು ಬೆಳಕಿಗೆ ಅವು ಕುರುಡು. ಹಾಗಾದರೆ ಕೆಂಪು ದ್ರಾವಣದ ಹಿಂದಿಟ್ಟ ಫಲಕದಲ್ಲಿ ಏನೂ ಮೂಡಬಾರದಿತ್ತು. ಮೂಡಿದ್ದು ಹೇಗೆ? ಸರಿಯಾಗಿ ನೂರು ವರ್ಷಗಳ ನಂತರ, 1961ರಲ್ಲಿ, ಕೊಡಕ್ ಸಂಸ್ಥೆಯ ರಾಲ್ಫ್ ಇವಾನ್ಸ್ ಮತ್ತು ಸಂಗಡಿಗರು ಇದನ್ನು ಬಿಡಿಸಿದರು. ಕೆಂಪು ಬಟ್ಟೆಯ ಬಣ್ಣಗಳು ಕೆಂಪಿನ ಜೊತೆಗೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತವೆ. ಮ್ಯಾಕ್ಸ್‌ವೆಲ್ಲನ ಕೆಂಪು ದ್ರಾವಣ ಆ ಕಿರಣಗಳನ್ನು ಒಳಕ್ಕೆ ಬಿಡುತ್ತಿತ್ತು. ಫಲಕ ದಾಖಲಿಸಿದ್ದು ಕೆಂಪನ್ನಲ್ಲ, ಕೆಂಪಿನ ಜೊತೆಯಲ್ಲಿ ಬಂದ ಅತಿನೇರಳೆಯನ್ನು! ಸಿದ್ಧಾಂತ ಸರಿ, ಫಲಿತಾಂಶವೂ ಸರಿ, ನಡುವಿನ ದಾರಿ ಮಾತ್ರ ಯಾರೂ ಅಂದುಕೊಂಡಿದ್ದಲ್ಲ. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಅದೃಷ್ಟ ಎಲ್ಲರಿಗೂ ಒದಗುವುದಿಲ್ಲ.

ಮೂರು ಲಾಟೀನುಗಳ ಚಿತ್ರವನ್ನು ಗೋಡೆಗೆ ತೂಗುಹಾಕಲಾಗದು, ಕಿಸೆಯಲ್ಲಿಟ್ಟುಕೊಳ್ಳಲಾಗದು. ಕಾಗದದ ಮೇಲೆ ಬಣ್ಣದ ಚಿತ್ರ ಬರಬೇಕಾದರೆ ಲೆಕ್ಕವನ್ನು ತಲೆಕೆಳಗು ಮಾಡಬೇಕು. ಇದನ್ನು ಕಂಡುಕೊಂಡವರು ಫ್ರಾನ್ಸಿನ ಇಬ್ಬರು: ಲೂಯಿ ಡುಕೊ ದ್ಯು ಓರಾನ್ ಮತ್ತು ಶಾರ್ಲ್ ಕ್ರೊ. ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯದು. 1869ರ ಮೇ 7ರಂದು ಫ್ರೆಂಚ್ ಛಾಯಾಗ್ರಹಣ ಸಂಘದ ಒಂದೇ ಸಭೆಯ ಮುಂದೆ ಇಬ್ಬರ ಪ್ರಬಂಧಗಳೂ ಬಂದವು. ಕ್ರೊ ಕವಿಯೂ ಆಗಿದ್ದ. ಎಡಿಸನ್ನನ ಫೋನೋಗ್ರಾಫಿಗೆ ಮುನ್ನವೇ ಧ್ವನಿಮುದ್ರಣದ ಯೋಜನೆಯನ್ನೂ ಬರೆದಿಟ್ಟವನು. ಜಗಳವಾಗಬಹುದಾಗಿದ್ದ ಸಂದರ್ಭ, ಆದರೆ ಗೌರವವನ್ನು ಇಬ್ಬರೂ ಹಂಚಿಕೊಂಡರು.

ಅವರ ಉಪಾಯ ಇದು. ಬಿಳಿ ಕಾಗದದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೆಳಕುಗಳು ಆಗಲೇ ಇವೆ. ಹೊಸದಾಗಿ ಬೆಳಕನ್ನು ಕೂಡಿಸುವುದರ ಬದಲು ಬೇಡವಾದದ್ದನ್ನು ಕಳೆಯಬೇಕು. ಹಳದಿ ವರ್ಣಕ ನೀಲಿ ಬೆಳಕನ್ನು ನುಂಗುತ್ತದೆ. ಮೆಜೆಂಟಾ, ಅಂದರೆ ನೇರಳೆ ಬೆರೆತ ಕೆಂಪು, ಹಸಿರನ್ನು ನುಂಗುತ್ತದೆ. ಸಯಾನ್, ಅಂದರೆ ಹಸಿರು ಬೆರೆತ ತಿಳಿನೀಲಿ, ಕೆಂಪನ್ನು ನುಂಗುತ್ತದೆ. ಮೂರು ಕಪ್ಪು-ಬಿಳುಪು ಚಿತ್ರಗಳಿಂದ ಈ ಮೂರು ವರ್ಣಕಗಳಲ್ಲಿ ತೆಳುವಾದ ಪದರಗಳನ್ನು ಮಾಡಿ ಒಂದರ ಮೇಲೊಂದು ಜೋಡಿಸಿದರೆ ಬಣ್ಣದ ಚಿತ್ರ ಸಿದ್ಧ. 1877ರಲ್ಲಿ ದ್ಯು ಓರಾನ್ ಹೀಗೆ ಮಾಡಿದ ತನ್ನೂರು ಅಜ಼ಾಂನ ದೃಶ್ಯ ಇಂದಿಗೂ ಉಳಿದಿದೆ. ನಿಮ್ಮ ಪಠ್ಯಪುಸ್ತಕದ ಬಣ್ಣದ ಪುಟಗಳನ್ನು ಮುದ್ರಿಸುವುದೂ ಇದೇ ತತ್ವದಿಂದ. ಅಲ್ಲಿ ಕಪ್ಪು ಶಾಯಿ ಒಂದು ಹೆಚ್ಚು, ಅಷ್ಟೆ.

ಫಲಕಗಳ ಕುರುಡುತನ ನೀಗಿದ್ದು ಬರ್ಲಿನ್ನಿನಲ್ಲಿ. ಫಲಕದೊಳಗೆ ಬೆಳಕು ಚದುರದಿರಲೆಂದು ಬೆರೆಸಿದ್ದ ವರ್ಣಕವೊಂದು ಅದನ್ನು ಹಸಿರು ಬೆಳಕಿಗೂ ಸ್ಪಂದಿಸುವಂತೆ ಮಾಡಿದೆ ಎಂಬುದನ್ನು 1873ರಲ್ಲಿ ಹೆರ್ಮಾನ್ ಫೋಗೆಲ್ ಗಮನಿಸಿದ. ಮುಂದೆ ತಕ್ಕ ವರ್ಣಕಗಳನ್ನು ಬೆರೆಸಿ ಕೆಂಪಿಗೂ ಕಣ್ಣು ತೆರೆಸಲಾಯಿತು. ಇದೇ ಬರ್ಲಿನ್ನಿನಲ್ಲಿ, ಅಡಾಲ್ಫ್ ಮೀಥೆಯ ಪ್ರಯೋಗಾಲಯಕ್ಕೆ 1902ರಲ್ಲಿ ರಷ್ಯದಿಂದ ಒಬ್ಬ ರಸಾಯನ ವಿಜ್ಞಾನಿ ಕಲಿಯಲು ಬಂದ. ಅವನ ಹೆಸರು ಸೆರ್ಗೇಯ್ ಪ್ರೊಕುದಿನ್-ಗೋರ್ಸ್ಕಿ.

ಈತನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅವನ ಕ್ಯಾಮೆರಾದಲ್ಲಿ ಉದ್ದನೆಯ ಒಂದೇ ಗಾಜಿನ ಫಲಕ. ಅದರ ಮೇಲೆ ನೀಲಿ, ಹಸಿರು, ಕೆಂಪು ಶೋಧಕಗಳ ಮೂಲಕ ಒಂದರ ಕೆಳಗೊಂದರಂತೆ ಮೂರು ಚಿತ್ರಗಳನ್ನು ಬೇಗ ಬೇಗ ತೆಗೆಯುತ್ತಿದ್ದ. 1908ರಲ್ಲಿ, ಎಂಬತ್ತರ ಅಂಚಿನಲ್ಲಿದ್ದ ಟಾಲ್‌ಸ್ಟಾಯ್ ಅವರನ್ನು ಯಾಸ್ನಾಯಾ ಪೊಲ್ಯಾನಾದ ಅವರ ಮನೆಯಂಗಳದಲ್ಲಿ ಕೂರಿಸಿ ಬಣ್ಣದ ಚಿತ್ರ ತೆಗೆದ. ಇದರಿಂದ ಬಂದ ಹೆಸರು ಅರಮನೆಯವರೆಗೂ ಮುಟ್ಟಿತು. ಚಕ್ರವರ್ತಿ ಎರಡನೆಯ ನಿಕೊಲಾಸ್ ಅವನಿಗೆ ಕತ್ತಲಕೋಣೆಯಿದ್ದ ಒಂದು ರೈಲುಗಾಡಿಯನ್ನೂ ಎಲ್ಲಿ ಬೇಕಾದರೂ ಹೋಗಬಹುದಾದ ರಹದಾರಿಯನ್ನೂ ಕೊಡಿಸಿದ. 1909ರಿಂದ 1915ರವರೆಗೆ ಅವನು ಆ ವಿಶಾಲ ಸಾಮ್ರಾಜ್ಯವನ್ನು ಸುತ್ತಿದ: ನದಿಗಳು, ಅಣೆಕಟ್ಟುಗಳು, ಚರ್ಚುಗಳು, ಮಸೀದಿಗಳು, ಚಹಾ ತೋಟದ ಕೂಲಿಗಳು, ತಟ್ಟೆಗಳಲ್ಲಿ ಹಣ್ಣು ಹಿಡಿದು ನಿಂತ ಹಳ್ಳಿಯ ಹೆಣ್ಣುಮಕ್ಕಳು, ಉಜ್ವಲ ನೀಲಿ ನಿಲುವಂಗಿಯಲ್ಲಿ ಕುಳಿತ ಬುಖಾರಾದ ಅಮೀರ.

ಅಷ್ಟರಲ್ಲಿ ಕ್ರಾಂತಿಯಾಯಿತು. ಚಕ್ರವರ್ತಿ ಹೋದ, ಸಾಮ್ರಾಜ್ಯ ಹೋಯಿತು. 1918ರಲ್ಲಿ ದೇಶ ಬಿಟ್ಟ ಪ್ರೊಕುದಿನ್-ಗೋರ್ಸ್ಕಿ 1944ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನ ವಾರಸುದಾರರಿಂದ 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸುಮಾರು 1,900 ಗಾಜಿನ ನೆಗೆಟಿವುಗಳನ್ನು ಕೊಂಡುಕೊಂಡಿತು. ಐವತ್ತು ವರ್ಷ ಅವು ಹೆಚ್ಚಿನವರ ಕಣ್ಣಿಗೆ ಬೀಳದೆ ಕುಳಿತಿದ್ದವು. ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಅವನ್ನು ಸ್ಕ್ಯಾನ್ ಮಾಡಿ, ಗಣಕದಲ್ಲಿ ಮೂರು ಮೂರು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿದಾಗ, ನಿನ್ನೆ ತೆಗೆದಂತಹ ಬಣ್ಣಗಳು ಎದ್ದುಬಂದವು. ಕ್ರಾಂತಿಪೂರ್ವ ರಷ್ಯ ಎಂದರೆ ಮಸುಕಾದ ಕಂದು ಚಿತ್ರಗಳು ಎಂದೇ ತಿಳಿದಿದ್ದವರು ದಂಗಾದರು. ಆ ಗಾಜಿನ ಮೇಲೆ ಬಣ್ಣವೆಂಬುದೇ ಇರಲಿಲ್ಲ, ಬೆಳ್ಳಿಯ ಕಣಗಳಿದ್ದವು. ಬೆಳ್ಳಿ ಉಳಿಯಿತು, ಬೆಳ್ಳಿಯ ಜೊತೆ ಬಣ್ಣದ ಲೆಕ್ಕವೂ ಉಳಿಯಿತು. ಹಾಂ, ಒಂದು ತಮಾಷೆ: ಮೂರು ಚಿತ್ರಗಳ ನಡುವೆ ಕೆಲವು ಕ್ಷಣಗಳ ಅಂತರವಿರುತ್ತಿದ್ದುದರಿಂದ, ಹರಿಯುವ ನೀರು ಮತ್ತು ಅಲುಗಿದ ಜನರ ಅಂಚಿನಲ್ಲಿ ಕೆಂಪು, ಹಸಿರು, ನೀಲಿ ಗೆರೆಗಳು ಬೇರೆ ಬೇರೆಯಾಗಿ ಕಾಣುತ್ತವೆ.

ಆದರೆ ಚಕ್ರವರ್ತಿಯ ರೈಲುಗಾಡಿ ಎಲ್ಲರಿಗೂ ಸಿಗುವಂಥದಲ್ಲವಲ್ಲ! ಸಾಮಾನ್ಯ ಕ್ಯಾಮೆರಾದಲ್ಲಿ, ಒಂದೇ ಸಲಕ್ಕೆ ಬಣ್ಣದ ಚಿತ್ರ ತೆಗೆಯುವ ಸೌಲಭ್ಯವನ್ನು ಮಾರುಕಟ್ಟೆಯಲ್ಲಿ ಯಶಸ್ವಿಯಾಗಿ ನೆಲೆಗೊಳಿಸಿದವರು ಚಲನಚಿತ್ರದ ಇತಿಹಾಸದಲ್ಲೂ ಹೆಸರಾದ ಲೂಮಿಯೇರ್ ಸಹೋದರರು. 1903ರಲ್ಲಿ ಪೇಟೆಂಟ್ ಪಡೆದು 1907ರಲ್ಲಿ ಮಾರಾಟಕ್ಕೆ ತಂದ ಅವರ ಆಟೋಕ್ರೋಮ್ ಫಲಕದ ಗುಟ್ಟು ಇದ್ದದ್ದು ಆಲೂಗಡ್ಡೆಯಲ್ಲಿ! ಆಲೂಗಡ್ಡೆಯ ಪಿಷ್ಟದ ಅತಿ ಸೂಕ್ಷ್ಮ ಕಣಗಳನ್ನು ಮೂರು ಪಾಲು ಮಾಡಿ ಕಿತ್ತಳೆಗೆಂಪು, ಹಸಿರು, ನೇರಳೆನೀಲಿ ಬಣ್ಣಗಳಲ್ಲಿ ಅದ್ದಿ, ಚೆನ್ನಾಗಿ ಬೆರೆಸಿ, ಅಂಟು ಸವರಿದ ಗಾಜಿನ ಮೇಲೆ ಒಂದೇ ಪದರವಾಗಿ ಉದುರಿಸುತ್ತಿದ್ದರು. ಕಣಗಳ ನಡುವಿನ ಸಂದುಗಳಿಗೆ ಇದ್ದಿಲಿನ ನುಣುಪಾದ ಪುಡಿ. ಅದರ ಮೇಲೆ ಬೆಳ್ಳಿಯ ಲವಣದ ಲೇಪ. ಒಂದು ಚದರ ಮಿಲಿಮೀಟರಿನಲ್ಲಿ ಸಾವಿರಾರು ಕಣಗಳು. ಪ್ರತಿಯೊಂದೂ ಒಂದು ಪುಟ್ಟ ಶೋಧಕ. ಪರದೆಗೆ ಹಿಡಿದ ಭೂತಗನ್ನಡಿಯಲ್ಲಿ ನೀವು ಕಂಡ ಚುಕ್ಕೆಗಳ ಪೂರ್ವಜರು ಈ ಆಲೂಗಡ್ಡೆಯ ಕಣಗಳು ಎನ್ನಬಹುದು.

ಆಟೋಕ್ರೋಮಿನ ದೋಷಗಳೂ ಸಣ್ಣವಲ್ಲ. ಕಪ್ಪು-ಬಿಳುಪಿಗಿಂತ ನಲವತ್ತು, ಐವತ್ತು ಪಟ್ಟು ಹೆಚ್ಚು ಕಾಲ ಬೆಳಕಿಗೆ ಒಡ್ಡಬೇಕು. ಕುಣಿಯುವ ಮಗುವನ್ನು ಹಿಡಿಯಲಾಗದು. ಪ್ರತಿ ತೆಗೆಯಲು ಬಾರದು, ಇದ್ದದ್ದು ಒಂದೇ ಗಾಜು. ಆದರೂ ಪ್ಯಾರಿಸ್ಸಿನ ಬ್ಯಾಂಕರ್ ಆಲ್ಬರ್ಟ್ ಕಾನ್ ಇದನ್ನು ನಂಬಿ ಒಂದು ಮಹಾಸಾಹಸಕ್ಕೆ ಕೈಹಾಕಿದ. ಪ್ರಪಂಚದ ಜನಜೀವನ ಬದಲಾಗಿಹೋಗುವ ಮುನ್ನ ಅದನ್ನು ಬಣ್ಣದಲ್ಲಿ ದಾಖಲಿಸಬೇಕೆಂದು 1909ರಿಂದ 1931ರವರೆಗೆ ಐವತ್ತರಷ್ಟು ದೇಶಗಳಿಗೆ ಛಾಯಾಗ್ರಾಹಕರನ್ನು ಕಳುಹಿಸಿದ. ಅವರಲ್ಲೊಬ್ಬನಾದ ಸ್ಟೆಫಾನ್ ಪಾಸೆ 1913-14ರಲ್ಲಿ ಭಾರತಕ್ಕೂ ಬಂದ. ಕೂಡಿಬಂದದ್ದು 72,000 ಫಲಕಗಳು. 1929ರಲ್ಲಿ ಆರಂಭವಾದ ಆರ್ಥಿಕ ಕುಸಿತದಲ್ಲಿ ಕಾನ್ ದಿವಾಳಿಯಾದ. ಸಂಗ್ರಹ ಮಾತ್ರ ಉಳಿದು ಇಂದು ಪ್ಯಾರಿಸ್ಸಿನ ಪಕ್ಕದ ಬುಲೋನ್-ಬಿಯಾಂಕೂರ್‌ನ ವಸ್ತುಸಂಗ್ರಹಾಲಯದಲ್ಲಿದೆ. ಪ್ರೊಕುದಿನ್-ಗೋರ್ಸ್ಕಿ ಒಂದು ಸಾಮ್ರಾಜ್ಯಕ್ಕಾಗಿ ದುಡಿದ; ಕಾನ್ ದೇಶ ದೇಶಗಳ ನಡುವೆ ಸ್ನೇಹ ಬೆಳೆಯಲೆಂದು ಹಣ ಸುರಿದ. ಎರಡೂ ಆಸೆಗಳು ಮುರಿದುಬಿದ್ದವು. ಚಿತ್ರಗಳು ಮಾತ್ರ ಗೆದ್ದವು.

ಗಾಜಿನಿಂದ ಫಿಲಂ ಸುರುಳಿಗೆ ಬಣ್ಣ ಇಳಿದುಬಂದ ಕಥೆಯಲ್ಲಿ ಇಬ್ಬರು ಸಂಗೀತಗಾರರಿದ್ದಾರೆ. ಲಿಯೊಪೋಲ್ಡ್ ಮ್ಯಾನೆಸ್ ಪಿಯಾನೋ ವಾದಕ, ಲಿಯೊಪೋಲ್ಡ್ ಗೊಡೌಸ್ಕಿ ಪಿಟೀಲು ವಾದಕ. ಶಾಲೆಯ ದಿನಗಳಿಂದ ಗೆಳೆಯರು. 1930ರಲ್ಲಿ ಕೊಡಕ್ ಸಂಸ್ಥೆ ಅವರನ್ನು ತನ್ನ ರಾಚೆಸ್ಟರ್ ಪ್ರಯೋಗಾಲಯಕ್ಕೆ ಕರೆಸಿಕೊಂಡಿತು. ಕತ್ತಲಕೋಣೆಯಲ್ಲಿ ಗಡಿಯಾರ ಕಾಣದು; ಆದ್ದರಿಂದ ಬ್ರಾಮ್ಸ್‌ನ ಸಿಂಫೊನಿಯೊಂದನ್ನು ಸಿಳ್ಳೆ ಹಾಕುತ್ತಾ, ಅದರ ತಾಳದಿಂದ ಕಾಲ ಎಣಿಸುತ್ತಿದ್ದರಂತೆ. 1935ರಲ್ಲಿ ಅವರ ಕೊಡಾಕ್ರೋಮ್ ಚಲನಚಿತ್ರದ ಫಿಲಂ ಆಗಿಯೂ, ಮರುವರ್ಷ ಸ್ಥಿರಚಿತ್ರದ ಫಿಲಂ ಆಗಿಯೂ ಹೊರಬಂತು. ಒಂದೇ ಫಿಲಂ ಮೇಲೆ ಒಂದರ ಮೇಲೊಂದರಂತೆ ಲೇಪಗಳು. ಒಂದು ನೀಲಿಗೆ, ಒಂದು ಹಸಿರಿಗೆ, ಒಂದು ಕೆಂಪಿಗೆ. ಗಮನಿಸಿ, ಈ ಲೇಪಗಳೂ ಮೂಲತಃ ಕಪ್ಪು-ಬಿಳುಪೇ. ಹಳದಿ, ಮೆಜೆಂಟಾ, ಸಯಾನ್ ವರ್ಣಕಗಳು ಫಿಲಂ ತೊಳೆಯುವಾಗ ಸೇರುತ್ತಿದ್ದವು. ಈ ತೊಳೆಯುವ ಕ್ರಮ ಎಷ್ಟು ಜಟಿಲವೆಂದರೆ ಊರಿನ ಸ್ಟುಡಿಯೋದವರು ಕೈಹಾಕುವಂತಿರಲಿಲ್ಲ.

ಅದೇ 1936ರಲ್ಲಿ ಜರ್ಮನಿಯ ಆಗ್ಫಾ ಇನ್ನೊಂದು ದಾರಿ ಹಿಡಿಯಿತು. ವರ್ಣಕವನ್ನು ಹುಟ್ಟಿಸುವ ರಾಸಾಯನಿಕವನ್ನು ಫಿಲಂನ ಲೇಪದಲ್ಲಿಯೇ ಸೇರಿಸಿಡುವುದು. ಇದನ್ನು ರುಡಾಲ್ಫ್ ಫಿಶರ್ 1912ರ ಹೊತ್ತಿಗೇ ಸೂಚಿಸಿದ್ದ. ಆದರೆ ಆ ರಾಸಾಯನಿಕಗಳು ಒಂದು ಪದರದಿಂದ ಇನ್ನೊಂದಕ್ಕೆ ಜಾರಿ ಬಣ್ಣಗಳನ್ನು ಕಲಸಿಬಿಡುತ್ತಿದ್ದವು. ಆಗ್ಫಾದವರು ಅವುಗಳ ಅಣುವಿಗೆ ಉದ್ದನೆಯ ಬಾಲವೊಂದನ್ನು ಅಂಟಿಸಿ, ಇದ್ದಲ್ಲೇ ಕಟ್ಟಿಹಾಕಿದರು. ಕೊಡಕ್ ಅವನ್ನು ಸೂಕ್ಷ್ಮವಾದ ಎಣ್ಣೆಯ ಹನಿಗಳಲ್ಲಿ ಹಿಡಿದಿಟ್ಟು 1942ರಲ್ಲಿ ಕೊಡಾಕಲರ್ ಎಂಬ ನೆಗೆಟಿವ್ ಫಿಲಂ ತಂದಿತು. ಬಣ್ಣದ ನೆಗೆಟಿವ್, ಅದರಿಂದ ಕಾಗದದ ಮೇಲೆ ಎಷ್ಟು ಬೇಕಾದರೂ ಪ್ರತಿಗಳು: ಮನೆಯ ಆಲ್ಬಮ್ಮಿನ ಯುಗ ಆರಂಭವಾದದ್ದು ಇಲ್ಲಿಂದ. ಎರಡನೆಯ ಮಹಾಯುದ್ಧದಲ್ಲಿ ಗೆದ್ದ ರಾಷ್ಟ್ರಗಳು ಜರ್ಮನಿಯ ಪೇಟೆಂಟುಗಳನ್ನು ಮುಕ್ತಗೊಳಿಸಿದ್ದರಿಂದ ಆಗ್ಫಾದ ವಿಧಾನ ಹಲವು ದೇಶಗಳ ಕಂಪನಿಗಳ ಪಾಲಾಯಿತು. ಬಣ್ಣ ಲೋಕವ್ಯಾಪಿಯಾಗಲು ಇದೂ ಒಂದು ಕಾರಣ.

ನಮ್ಮಲ್ಲಿ ಬಣ್ಣ ಮೊದಲು ಬಂದದ್ದು ಮನೆಗಳಿಗಲ್ಲ, ಚಿತ್ರಮಂದಿರಗಳಿಗೆ. ಭಾರತದಲ್ಲೇ ಸಿದ್ಧವಾದ ಮೊದಲ ವರ್ಣಚಿತ್ರ ‘ಕಿಸಾನ್ ಕನ್ಯಾ’ 1937ರದು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’, ತೆರೆಗೆ ಬಂದದ್ದು 1964ರಲ್ಲಿ. ಸ್ಥಿರಚಿತ್ರದ ಮಟ್ಟಿಗೆ ಬಣ್ಣ ಇನ್ನೂ ಬಹುಕಾಲ ಶ್ರೀಮಂತರ ವಸ್ತುವಾಗಿಯೇ ಇತ್ತು. ವಿದೇಶೀ ವಿನಿಮಯದ ಕೊರತೆ, ಆಮದಿನ ಮೇಲೆ ನಿರ್ಬಂಧ. ಉದಕಮಂಡಲದಲ್ಲಿ ಸರ್ಕಾರ ಸ್ಥಾಪಿಸಿದ ಹಿಂದೂಸ್ತಾನ್ ಫೋಟೋ ಫಿಲಮ್ಸ್ ‘ಇಂದು’ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲಂ ತಯಾರಿಸಿ ಹೆಸರಾಯಿತು. ಬಣ್ಣದ ಬಿರುಗಾಳಿ ಬಂದಾಗ ತತ್ತರಿಸಿ, ಕೊನೆಗೆ ಮುಚ್ಚಿಹೋಯಿತು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿತು. ಅದೇ ವರ್ಷಗಳಲ್ಲಿ ಜಪಾನಿನಿಂದ ಬಂದ ಪುಟ್ಟ ಸಂಸ್ಕರಣ ಯಂತ್ರಗಳು ಬಣ್ಣದ ಫಿಲಂ ತೊಳೆದು ಪ್ರಿಂಟು ಹಾಕುವ ಕೆಲಸವನ್ನು ದೂರದ ಪ್ರಯೋಗಾಲಯದಿಂದ ಪೇಟೆಬೀದಿಯ ಅಂಗಡಿಗೆ ಇಳಿಸಿದವು. ನೋಡನೋಡುತ್ತ ಮದುವೆ, ಮುಂಜಿ, ಶಾಲಾ ಪ್ರವಾಸ ಎಲ್ಲವೂ ಬಣ್ಣದಲ್ಲೇ ಆಯಿತು. ಬಣ್ಣಕ್ಕೆ ದುಡ್ಡು ಹೆಚ್ಚು ಎಂಬ ಕಾಲ ಹೋಗಿ, ಕಪ್ಪು-ಬಿಳುಪು ತೊಳೆಯುವವರೇ ಸಿಗುವುದಿಲ್ಲ ಎಂಬ ಕಾಲ ಬಂತು.

ಗಂಭೀರ ಛಾಯಾಗ್ರಾಹಕರು ಮಾತ್ರ ಬಣ್ಣವನ್ನು ಬಹಳ ದಿನ ಹತ್ತಿರ ಸೇರಿಸಲಿಲ್ಲ. ಅದು ಜಾಹೀರಾತಿನವರ ಸೊತ್ತು, ಕಲೆಯದಲ್ಲ ಎಂಬ ಭಾವನೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಹೆಸರು ಕೇಳಿದೊಡನೆ ಮನಸ್ಸಿಗೆ ಬರುವುದೂ ಕಪ್ಪು-ಬಿಳುಪಿನ ಮಕ್ಕಳ ಮುಖಗಳೇ. ಇದಕ್ಕೆ ಎದುರಾಗಿ ನಿಂತವರು ಜೈಪುರದ ರಘುಬೀರ್ ಸಿಂಗ್ (1942-1999). ಭಾರತೀಯರ ನೋಟದಲ್ಲಿ ಬಣ್ಣ ಅಲಂಕಾರವಲ್ಲ, ಅರ್ಥದ ಭಾಗವೇ ಎಂದು ವಾದಿಸಿ, ಅವರು ಗಂಗೆಯ ತೀರದಿಂದ ಕೇರಳದವರೆಗೆ ಬಣ್ಣದಲ್ಲೇ ಚಿತ್ರಿಸಿದರು. ಕುಂಕುಮ, ಅರಿಶಿನ, ಕಾವಿ ಎಂಬ ಪದಾರ್ಥಗಳ ಹೆಸರನ್ನೇ ಬಣ್ಣಗಳಿಗೂ ಇಟ್ಟ ಜನಕ್ಕೆ ಈ ವಾದ ಒಪ್ಪಿಗೆಯಾಗುವುದು ಕಷ್ಟವಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವರ್ಣಕಗಳನ್ನು ಆರಿಸುವವರು ಪ್ರಯೋಗಾಲಯದ ರಸಾಯನ ವಿಜ್ಞಾನಿಗಳು. ಯಾವ ಬಣ್ಣ ‘ಸರಿ’ ಎಂದು ಅವರು ನಿರ್ಧರಿಸುತ್ತಿದ್ದುದು ಹೇಗೆ? ಪ್ರಿಂಟು ಹಾಕುವ ಯಂತ್ರಗಳನ್ನು ಸರಿಹೊಂದಿಸಲು ಕೊಡಕ್ ಸಂಸ್ಥೆ ಕಳುಹಿಸುತ್ತಿದ್ದ ಮಾದರಿ ಚಿತ್ರಗಳಿಗೆ ‘ಶರ್ಲಿ ಕಾರ್ಡ್’ ಎಂಬ ಹೆಸರಿತ್ತು. ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿಯ ಮೈಬಣ್ಣದ ಹೆಣ್ಣುಮಗಳ ಮುಖ. ಆ ಮುಖ ಚೆನ್ನಾಗಿ ಬಂದರೆ ಎಲ್ಲವೂ ಸರಿ. ಪರಿಣಾಮವಾಗಿ ಕಪ್ಪು ಮೈಬಣ್ಣದವರ ಮುಖದ ಸೂಕ್ಷ್ಮ ಛಾಯೆಗಳು ಅಳಿಸಿ, ಕಣ್ಣು ಮತ್ತು ಹಲ್ಲು ಮಾತ್ರ ಎದ್ದು ಕಾಣುತ್ತಿದ್ದವು. 1970ರ ದಶಕದ ಕೊನೆಯಲ್ಲಿ ಮೊಜಾಂಬಿಕ್‌ಗೆ ಕರೆ ಬಂದಾಗ ಫ್ರೆಂಚ್ ನಿರ್ದೇಶಕ ಜಾನ್-ಲೂಕ್ ಗೊಡಾರ್ಡ್ ಕೊಡಕ್ ಫಿಲಂ ಬಳಸಲು ಒಪ್ಪದಿದ್ದುದು ಈ ಕಾರಣಕ್ಕೆ. ಇನ್ನೂ ಸೋಜಿಗವೆಂದರೆ, ಕಂಪನಿ ಕಂದು ಛಾಯೆಗಳನ್ನು ಸುಧಾರಿಸಲು ಒಂದು ಮುಖ್ಯ ಒತ್ತಾಯ ಬಂದದ್ದು ಚಾಕೊಲೆಟ್ ತಯಾರಕರಿಂದ ಮತ್ತು ಮರದ ಪೀಠೋಪಕರಣ ಮಾರುವವರಿಂದ! ಫೋಟೋಗೆ ಕೂರುವ ಮುನ್ನ ಮುಖಕ್ಕೆ ಪೌಡರು ಬಳಿಯುತ್ತಿದ್ದ ನಮ್ಮವರು ಇದನ್ನು ನೆನಪಿಡಬೇಕು. ಮುಖ ಕಪ್ಪಗೆ ಬಂದದ್ದು ಎಷ್ಟೋ ಸಲ ಮುಖದ ದೋಷವಲ್ಲ, ಫಿಲಂನದು.

ಮಾದರಿ ಕಾರ್ಡುಗಳು ಆಮೇಲೆ ಬದಲಾದವು, ಫಿಲಂ ಸುಧಾರಿಸಿತು. ಅಷ್ಟು ಸುಲಭವಾಗಿ ಸರಿಹೋಗದ ದೋಷ ಇನ್ನೊಂದಿತ್ತು: ವರ್ಣಕದ ಆಯುಸ್ಸು. ಕಪ್ಪು-ಬಿಳುಪು ಚಿತ್ರದಲ್ಲಿ ಉಳಿಯುವುದು ಲೋಹ. ಬಣ್ಣದ ಫಿಲಂ ತೊಳೆಯುವಾಗ ಬೆಳ್ಳಿಯನ್ನೆಲ್ಲ ತೆಗೆದುಬಿಡುತ್ತಾರೆ. ಉಳಿಯುವುದು ವರ್ಣಕ ಮಾತ್ರ, ಮತ್ತು ವರ್ಣಕ ಕತ್ತಲಲ್ಲೂ ನಿಧಾನವಾಗಿ ಕೊಳೆಯುತ್ತದೆ. ಮೂರೂ ಒಂದೇ ವೇಗದಲ್ಲಿ ಕೊಳೆತಿದ್ದರೆ ಚಿತ್ರ ತೆಳುವಾಗುತ್ತಿತ್ತು ಅಷ್ಟೆ. ಆದರೆ ಆ ಕಾಲದ ಬಹುಪಾಲು ಫಿಲಂ ಮತ್ತು ಕಾಗದಗಳಲ್ಲಿ ಸಯಾನ್ ಮೊದಲು ಹೋಗುತ್ತದೆ. ಕೆಂಪನ್ನು ತಡೆಯಬೇಕಾದದ್ದೇ ಸಯಾನ್. ಅದು ಹೋದರೆ ಚಿತ್ರವೆಲ್ಲ ಕೆಂಪಡರುತ್ತದೆ. ಮನೆಯಲ್ಲಿ 1970, 80ರ ದಶಕಗಳ ಆಲ್ಬಮ್ಮು ಇದ್ದರೆ ತೆರೆದು ನೋಡಿ. ಹಸಿರು ಗದ್ದೆ ಕಂದಾಗಿ, ಆಕಾಶ ಗುಲಾಬಿಯಾಗಿರುತ್ತದೆ. ಅದೇ ಪೆಟ್ಟಿಗೆಯಲ್ಲಿರುವ ಅಜ್ಜ-ಅಜ್ಜಿಯರ ಕಪ್ಪು-ಬಿಳುಪು ಚಿತ್ರ ಗಟ್ಟಿಮುಟ್ಟಾಗಿ ಕುಳಿತಿರುತ್ತದೆ. ಶಾಖ ಮತ್ತು ತೇವ ಎರಡೂ ಇರುವ ನಮ್ಮ ಕರಾವಳಿಯಂಥ ಕಡೆ ಈ ಕೊಳೆಯುವಿಕೆ ಇನ್ನೂ ಬೇಗ.

ಚಲನಚಿತ್ರಗಳ ಗತಿಯೂ ಇದೇ. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 1980ರಲ್ಲಿ ಬಣ್ಣ ಉಳಿಯದ ಫಿಲಂ ವಿರುದ್ಧ ಚಳವಳಿಯನ್ನೇ ಹೂಡಿದ. ಇದಕ್ಕೆ ಹೋಲಿಸಿದರೆ 1939ರ ‘ದಿ ವಿಜರ್ಡ್ ಆಫ್ ಆಜ್’ ಇಂದಿಗೂ ಥಳಥಳಿಸುತ್ತದೆ. ಅದನ್ನು ಚಿತ್ರಿಸಿದ ಟೆಕ್ನಿಕಲರ್ ಕ್ಯಾಮೆರಾದೊಳಗೆ ಮೂರು ಕಪ್ಪು-ಬಿಳುಪು ನೆಗೆಟಿವುಗಳು ಒಟ್ಟಿಗೆ ಓಡುತ್ತಿದ್ದವು, ಅವು ಉಳಿದಿವೆ. ಮುಂದೆ ಹಾಲಿವುಡ್ಡಿನವರು ತಮ್ಮ ಮುಖ್ಯವಾದ ವರ್ಣಚಿತ್ರಗಳನ್ನು ಕಾಪಾಡಲು ಕಂಡುಕೊಂಡ ದಾರಿಯೂ ಇದೇ: ಬಣ್ಣದ ಚಿತ್ರವನ್ನು ಮತ್ತೆ ಮೂರಾಗಿ ಬಿಡಿಸಿ ಮೂರು ಕಪ್ಪು-ಬಿಳುಪು ಪ್ರತಿಗಳಾಗಿ ಉಗ್ರಾಣದಲ್ಲಿಡುವುದು. ಮ್ಯಾಕ್ಸ್‌ವೆಲ್ ಇದನ್ನು ನೋಡಿದ್ದರೆ ನಗುತ್ತಿದ್ದನೋ ಏನೋ.

ಫಿಲಂನ ಕಾಲ ಈಗ ಬಹುಮಟ್ಟಿಗೆ ಮುಗಿದಿದೆ. 2009ರಲ್ಲಿ ಕೊಡಾಕ್ರೋಮ್ ತಯಾರಿಕೆ ನಿಂತಿತು. ಅದನ್ನು ತೊಳೆಯುತ್ತಿದ್ದ ಕೊನೆಯ ಪ್ರಯೋಗಾಲಯ, ಅಮೆರಿಕದ ಕನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನದು, 2010ರ ಡಿಸೆಂಬರ್ 30ರ ನಂತರ ಹೊಸ ಸುರುಳಿಗಳನ್ನು ಸ್ವೀಕರಿಸಲಿಲ್ಲ. ಈಗ ನಿಮ್ಮ ಕೈಯಲ್ಲಿರುವುದು ಮೊಬೈಲ್ ಕ್ಯಾಮೆರಾ. ಅದರೊಳಗಿನ ಸಂವೇದಕಕ್ಕೂ ಬಣ್ಣ ತಿಳಿಯದು. ಬೆಳಕು ಎಷ್ಟು ಎಂಬುದು ಮಾತ್ರ ತಿಳಿಯುತ್ತದೆ. ಅದರ ಒಂದೊಂದು ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಪುಟ್ಟ ಶೋಧಕವೊಂದಿದೆ. ಈ ಜಾಲರಿಯನ್ನು ರೂಪಿಸಿದವನು ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್. ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ನಮ್ಮ ಕಣ್ಣು ಹಸಿರಿನಲ್ಲಿ ಹೆಚ್ಚು ಸೂಕ್ಷ್ಮವಾದ್ದರಿಂದ ಅವನು ಹಸಿರು ಶೋಧಕಗಳನ್ನು ಉಳಿದವುಗಳ ಎರಡರಷ್ಟು ಇಟ್ಟ. ಲೂಮಿಯೇರರ ಆಲೂಗಡ್ಡೆಯ ಕಣಗಳು ಯದ್ವಾತದ್ವಾ ಚೆಲ್ಲಿದ್ದವು. ಬೇಯರನವು ಸಾಲಾಗಿ ನಿಂತಿವೆ. ಉಳಿದಂತೆ ತತ್ವ ಒಂದೇ.

ಈ ತತ್ವವನ್ನು ನೀವೇ ಮಾಡಿ ನೋಡಬಹುದು. ಅಂಗಡಿಯಲ್ಲಿ ಸಿಗುವ ಕೆಂಪು, ಹಸಿರು, ನೀಲಿ ಜಿಲೆಟಿನ್ ಕಾಗದದ ಒಂದೊಂದು ಹಾಳೆ ತನ್ನಿ. ಟೊಮ್ಯಾಟೊ, ಬಾಳೆಹಣ್ಣು, ಹಸಿಮೆಣಸಿನಕಾಯಿ ಇಟ್ಟ ತಟ್ಟೆಯ ಮುಂದೆ ಮೊಬೈಲನ್ನು ಅಲುಗಾಡದಂತೆ ನಿಲ್ಲಿಸಿ, ಕಪ್ಪು-ಬಿಳುಪಿಗೆ ಹೊಂದಿಸಿ, ಮಸೂರದ ಮುಂದೆ ಒಂದೊಂದೇ ಕಾಗದ ಹಿಡಿದು ಮೂರು ಚಿತ್ರ ತೆಗೆಯಿರಿ. ಕೆಂಪು ಕಾಗದದ ಚಿತ್ರದಲ್ಲಿ ಟೊಮ್ಯಾಟೊ ಬೆಳ್ಳಗೂ ಮೆಣಸಿನಕಾಯಿ ಕಪ್ಪಗೂ ಬರುತ್ತದೆ. ನೀಲಿಯದರಲ್ಲಿ ಬಾಳೆಹಣ್ಣು ಕಪ್ಪಾಗುತ್ತದೆ. ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಈ ಮೂರನ್ನೂ ಕೆಂಪು, ಹಸಿರು, ನೀಲಿ ಪದರಗಳಾಗಿ ಕೂಡಿಸಿ. ಕಾಗದದ ಬಣ್ಣ ಅಷ್ಟು ಶುದ್ಧವಲ್ಲದ್ದರಿಂದ ಸ್ವಲ್ಪ ಹೆಚ್ಚುಕಡಿಮೆಯಾದೀತು, ಆದರೂ ತಟ್ಟೆ ತುಂಬ ಬಣ್ಣ ಬರುತ್ತದೆ. ಆಮೇಲೆ ಅದೇ ರೀತಿ ಗಾಳಿಗೆ ತೂಗುವ ಗಿಡವನ್ನೋ ನಲ್ಲಿಯಿಂದ ಬೀಳುವ ನೀರನ್ನೋ ತೆಗೆದು ನೋಡಿ. ಅಂಚುಗಳಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ನಿಲ್ಲುತ್ತವೆ, ಪ್ರೊಕುದಿನ್-ಗೋರ್ಸ್ಕಿಯ ನದಿಗಳಲ್ಲಿ ನಿಂತ ಹಾಗೆಯೇ.